ಬೆರಳಗಲ ಗಿಡ್ಡ

ಲಿಫ್ಟಿನ ಬಾಗಿಲು ತೆರೆದದ್ದೇ ಒಳಗಿನಿಂದ ಬಿದಿರಿನ ಚಟ್ಟವೊಂದು ಓರೆಯಾಗಿ ಹೊರಗೆ ಬಂತು. ಮುಂದೊಬ್ಬ, ಹಿಂದೊಬ್ಬ ಹಿಡಿದಿದ್ದರು. ಚಟ್ಟ ಖಾಲಿಯಿತ್ತು. ಮೇಲೆ ಹೋಗಲೆಂದು ನಿಂತಿದ್ದ ಶಾಂತಿ ಕೈಯಲ್ಲಿದ್ದ ಉದ್ದನೆಯ ರಟ್ಟಿನ ಪೊಟ್ಟಣವನ್ನು ಎದೆಗೆ ಅವಚಿಕೊಂಡು ಗೋಡೆಗೆ ಒತ್ತಿಕೊಂಡಳು.

"ಇದು ಎರಡನೇ ಸಲ ಕಣ್ರೀ," ಮುಂದಿನವನು ಗೊಣಗಿದ. "ಮೇಲಕ್ಕೆ ತಗೊಂಡ್ಹೋದ್ರೆ ಆಯಮ್ಮ ವಾಪಸ್ ಕಳಿಸ್ತಾರೆ. ಅವರ ಕಡೆ ಸತ್ತೋರು ಮಲಗ್ಕೊಂಡ್ ಹೋಗಲ್ವಂತೆ!"

"ಯಾರಣ್ಣ ಹೋಗಿದ್ದು?"

"ಮೂರನೇ ಫ್ಲೋರ್‌ನೋರು. ವಯಸ್ಸಾದೋರು. ಯಾವಾಗ್ಲೂ ಕೈಯಲ್ಲಿ ಒಂದು ಸ್ಕೇಲ್ ಹಿಡ್ಕೊಂಡ್ ಓಡಾಡ್ತಿದ್ರಲ್ಲ, ಅವ್ರು."

ಮುಂದೆ ಕೇಳುವುದೇನೂ ಉಳಿಯಲಿಲ್ಲ. ಸ್ಕೇಲು ಹಿಡಿದು ಓಡಾಡುವ ವಯಸ್ಸಾದವರು ನಾಗಸಂದ್ರಕ್ಕೆಲ್ಲ ಒಬ್ಬರೇ. ಅವರ ಜೊತೆ ರಾಜಿ ಮಾಡಿಕೊಳ್ಳಬೇಕೆಂದೇ ಶಾಂತಿ ಇವತ್ತು ಅಂಗಡಿ ಬಾಗಿಲು ತೆಗೆದವಳು ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ ಈ ಪೊಟ್ಟಣ ಕಟ್ಟಿಕೊಂಡು ಬಂದಿದ್ದಳು. ಜಗಳವಾಡಿದ ಮನುಷ್ಯ ಹೇಳದೆ ಕೇಳದೆ ಹೀಗಾ ಎದ್ದು ಹೋಗುವುದು? ಅವಳಿಗೆ ಮೊದಲು ಬಂದದ್ದು ಸಿಟ್ಟು. ಕಣ್ಣಲ್ಲಿ ನೀರು ಬಂದದ್ದು ಲಿಫ್ಟು ಎರಡನೇ ಮಹಡಿ ದಾಟಿದ ಮೇಲೆ.

ಮನೆಯ ಬಾಗಿಲು ತೆರೆದೇ ಇತ್ತು. ಹೊರಗೆ ಚಪ್ಪಲಿಗಳ ರಾಶಿ. ಹಾಲಿನ ಸೋಫಾಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದರು. ಬಾಲ್ಕನಿ ಬಾಗಿಲಿನ ಪಕ್ಕ, ತಾವೇ ಮಾಡಿಕೊಂಡಿದ್ದ ತೇಗದ ಕೈಕುರ್ಚಿಯಲ್ಲಿ ದ್ಯಾಮಣ್ಣನವರು ಕೂತಿದ್ದರು. ಮೈ ತೊಳೆದು, ಹಣೆಗೆ ತೋಳಿಗೆ ಎದೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟಿದ್ದರು. ಬೆನ್ನು ಬಾಗದಂತೆ ಬಿಳಿ ವಸ್ತ್ರದಿಂದ ಕುರ್ಚಿಗೆ ಸೇರಿಸಿ ಕಟ್ಟಿದ್ದರು. ಬೆಳಿಗ್ಗೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಕೂತಲ್ಲೇ ಹೋಗಿಬಿಟ್ಟಿದ್ದರಂತೆ. ಅವರ ಹಿಂದೆ ಬಾಲ್ಕನಿಯ ಪರದೆ ನೆಲ ಮುಟ್ಟದೆ ಎರಡು ಬೆರಳು ಮೇಲೆಯೇ ನಿಂತಿತ್ತು. ಆ ಸಂದಿಯಿಂದ ಬೆಳಕು ನುಗ್ಗಿ ಅವರ ಪಾದದ ಮೇಲೆ ಬಿದ್ದಿತ್ತು.

"ಲೇಸರ್ ಶಾಂತಿ ಏನವ್ವ?"

ಕೇಳಿದ್ದು ಗೋಡೆಗೊರಗಿ ಕೂತಿದ್ದ ಅವರ ಹೆಂಡತಿ ಶರಣಮ್ಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ಇದೇ ಮೊದಲು.

"ಹೌದಮ್ಮ. ಹೆಂಗ್ ಗೊತ್ತಾಯ್ತು?"

"ಉದ್ದನ್ನ ಪೊಟ್ಟಣ ಹಿಡಕೊಂಡು, ಜಗಳಾಡಾಕ ಬಂದೋರಂಗ ನಿಂತಿಯಲ್ಲ." ಕಣ್ಣು ಕೆಂಪಾಗಿದ್ದರೂ ದನಿ ಗಟ್ಟಿಯಿತ್ತು. "ಬಾ, ಕುಂದ್ರು. ದಿನಾ ನಿನ್ನ ಹೆಸರ ತಗೀತಿದ್ರು. ಬರೇ ಬೈಯಾಕ."

ಶಾಂತಿ ಕೂತಳು. ಪೊಟ್ಟಣವನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಳು.

ಅಷ್ಟರಲ್ಲಿ ಬಾಲ್ಕನಿಯಲ್ಲಿ ಫೋನಿನಲ್ಲಿದ್ದ ಅಳಿಯ ವಿನಾಯಕ್ ಒಳಗೆ ಬಂದ. ಹೆಬ್ಬಗೋಡಿಯಿಂದ ಹೆಂಡತಿಯನ್ನು ಕರೆದುಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಟ್ರಾಫಿಕ್ಕಿನಲ್ಲಿ ಬೆಂದು ಬಂದವನು, ಬಂದಾಗಿನಿಂದ ಫೋನು ಕೆಳಗಿಟ್ಟಿರಲಿಲ್ಲ.

"ಅತ್ತಿ, ಮಂಟಪ ಕಟ್ಟಾವ್ರು ಊರಿಗೆ ಹೋಗ್ಯಾರಂತ. ಇನ್ನೊಬ್ಬಾತ ನಾಳೆ ಬರ್ತೀನಿ ಅಂತಾನ. ವ್ಯಾನಿನವ್ರು ಮಲಗಿಸೋ ಪೆಟ್ಟಿಗಿ ಅಷ್ಟ ಐತಿ ಅಂತಾರ. ಹೊತ್ತು ಮುಣಗೂದ್ರೊಳಗ ಮಣ್ಣಾಗಬೇಕು. ಹ್ಯಾಂಗ್ ಮಾಡೂದು ಹೇಳ್ರಿ."

"ನಮ್ಮ ಮಾವ ಮಂಟಪದಾಗ ಕುಂತು ಹೋದ್ರು. ಅವರಪ್ಪನೂ ಹಂಗ ಹೋದ್ರಂತ. ಇವರೂ ಹಂಗ ಹೋಗ್ತಾರ."

"ಅವ್ವಾ, ಹಟಾ ಮಾಡಬ್ಯಾಡ," ಮಗಳು ಮಹಾನಂದಾ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. "ಇದು ಊರಲ್ಲ. ಬೆಂಗಳೂರು."

"ಬೆಂಗಳೂರಾದ್ರ ಏನಾತು? ಬೆಂಗಳೂರಾಗ ಯಾರೂ ಕುಂದ್ರೂದಿಲ್ಲೇನು? ಜೀವಮಾನಾ ಪೂರ್ತಿ ನೆಟ್ಟಗ ಕುಂತು ಕೆಲಸಾ ಮಾಡಿದ ಮನುಷ್ಯಾ. ಮೂಟಿ ಹಂಗ ಮಲಗಿಸಿ ಒಯ್ಯಾಕ ನಾ ಬಿಡೂದಿಲ್ಲ ನೋಡು." ಇಷ್ಟು ಹೇಳುವಷ್ಟರಲ್ಲಿ ಶರಣಮ್ಮನವರ ಗಟ್ಟಿ ದನಿ ಒಡೆಯಿತು. "ಅವರಿಗಿ ನಾ ಇನ್ನೇನು ಮಾಡಾಕ ಬರ್ತೈತಿ? ಇದೊಂದ."

ಶಾಂತಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಾಗುವ ಮುಂಚೆಯೇ ಬಾಯಿಂದ ಮಾತು ಬಂದುಬಿಟ್ಟಿತು.

"ಅಮ್ಮ, ಮಂಟಪ ನಾನ್ ಮಾಡ್ಕೊಡ್ತೀನಿ."

ಎಲ್ಲರೂ ಅವಳ ಕಡೆ ತಿರುಗಿದರು.

"ದೇವರ ಮಂಟಪ ದಿನಾ ಕುಯ್ಯೋಳು ನಾನು. ಇದು ಅದಕ್ಕಿಂತ ದೊಡ್ಡದು, ಅಷ್ಟೇ ತಾನೆ? ಕುರ್ಚಿ ಇದೇ ಇರ್ಲಿ. ಸುತ್ತ ನಾಕು ಕಂಬ, ಮೇಲೆ ಕಮಾನು. ಮೊಳೆ ಬೇಡ, ಒಂದರೊಳಗೊಂದು ಸಿಗಿಸಿದ್ರೆ ಕೂತ್ಕೊಳತ್ತೆ. ಹೊರೋದಕ್ಕೆ ಕೆಳಗಡೆ ಇದ್ಯಲ್ಲ, ಆ ಚಟ್ಟದ ಬಿದಿರೇ ಸಾಕು."

"ಆಗ್ತದೇನ್ರಿ ಅಷ್ಟರೊಳಗ?" ವಿನಾಯಕ್ ಕೇಳಿದ.

"ಒಂದೇ ಸಲಕ್ಕೆ ಸರಿಯಾಗಿ ಕುಯ್ದ್ರೆ ಆಗತ್ತೆ. ಇನ್ನೊಂದ್ ಸಲಕ್ಕೆ ಟೈಮೂ ಇಲ್ಲ, ಅಷ್ಟ್ ದಪ್ಪ ಹಲಗೇನೂ ಇಲ್ಲ."

ಟೇಪು ಅಂಗಡಿಯಲ್ಲೇ ಉಳಿದಿತ್ತು. ಕುರ್ಚಿಯ ಪಕ್ಕದ ಕೆಲಸದ ಮೇಜಿನ ಮೇಲೆ ದ್ಯಾಮಣ್ಣನವರ ಸ್ಕೇಲು ಬಿದ್ದಿತ್ತು. ಎರಡಡಿ ಉದ್ದದ ಉಕ್ಕಿನ ಪಟ್ಟಿ, ಕೈಯ ಎಣ್ಣೆ ಕುಡಿದು ಕಪ್ಪಾಗಿತ್ತು. ಇದನ್ನು ಅವರು ಇವಳ ಕೈಗೆ ಒಂದು ದಿನವೂ ಕೊಟ್ಟವರಲ್ಲ. ಶಾಂತಿ ಶರಣಮ್ಮನವರ ಮುಖ ನೋಡಿದಳು. ಅವರು ತಲೆಯಾಡಿಸಿದರು.

ಬಗ್ಗಿ ಕುರ್ಚಿಯ ಅಗಲ ಅಳೆಯುವಾಗ ಅವರ ತಣ್ಣನೆಯ ಮೊಣಕೈ ಅವಳ ಕೈಗೆ ತಗುಲಿತು. "ಸ್ವಲ್ಪ ಸಾರ್," ಎಂದಳು, ಬದುಕಿದ್ದವರಿಗೆ ಹೇಳುವ ಹಾಗೆಯೇ. ಅಂಗೈ ಮೇಲೆ ಅಳತೆ ಬರೆದುಕೊಂಡು, ಸ್ಕೇಲನ್ನು ಅವಸರದಲ್ಲಿ ಚೀಲಕ್ಕೆ ತುರುಕಿ, ಪೊಟ್ಟಣವನ್ನು ಮೇಜಿನ ಮೇಲೆ ಬಿಟ್ಟು ಮೆಟ್ಟಿಲಿಳಿದು ಓಡಿದಳು.

*

ದ್ಯಾಮಣ್ಣ ಪೀಣ್ಯದ ಪಂಪು ಕಂಪನಿಯೊಂದರಲ್ಲಿ ಅಚ್ಚು ಕೆತ್ತುವ ಬಡಗಿಯಾಗಿದ್ದವರು. ಕರಗಿದ ಲೋಹ ಹೊಯ್ಯುವ ಮುಂಚೆ ಮರಳಿನಲ್ಲಿ ಗುಂಡಿ ಮೂಡಿಸಲು ಮರದ ಅಚ್ಚು ಬೇಕಲ್ಲ, ಅದನ್ನು ಮಾಡುವ ಕೆಲಸ. ಹಾವೇರಿ ಕಡೆಯಿಂದ ಬಂದು, ಸರ್ವೀಸು ಪೂರ್ತಿ ಅದನ್ನೇ ಮಾಡಿ, ನಿವೃತ್ತರಾದ ಮೇಲೆ ಒಂದು ಗ್ಲೈಡರ್ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದರು. ಎಂಜಿನ್ನಿಲ್ಲದೆ ಗಾಳಿಯ ಮೇಲೆ ತೇಲಿ ಹೋಗುವ ಆಟದ ಗ್ಲೈಡರು. ಅದಕ್ಕೆ ಬಾಲ್ಸಾ ಮರವೇ ಬೇಕು. ಬಾಲ್ಸಾ ಅಂದರೆ ಮರವೋ ಹತ್ತಿಯೋ ಎಂದು ಅನುಮಾನ ಬರುವಷ್ಟು ಹಗುರ. ಒಡಲನ್ನೇನೋ ಕೆತ್ತಿದರು. ರೆಕ್ಕೆಯೊಳಗಿನ ತೆಳು ಎಲುಬುಗಳನ್ನು ಕೊಯ್ಯುವ ಹೊತ್ತಿಗೆ ಕೈ ನಡುಗತೊಡಗಿತು. ಬ್ಲೇಡು ಒಂದು ಕಡೆ, ಗೆರೆ ಒಂದು ಕಡೆ. ಲೇಸರಿನಲ್ಲಿ ಕೊಯ್ಯಿಸಿ ಎಂದು ಯಾರೋ ಹೇಳಿದರು.

ಪೀಣ್ಯದಲ್ಲಿ ಲೇಸರ್ ಇಲ್ಲದ ಗಲ್ಲಿ ಯಾವುದಿದೆ! ಆದರೆ ಎಲ್ಲವೂ ಕಬ್ಬಿಣ ಕೊಯ್ಯುವಂಥವು. ಒಂದು ಕಡೆ ಮ್ಯಾನೇಜರು "ಎಷ್ಟು ಟನ್ ಬರತ್ತೆ ಸಾರ್?" ಎಂದು ಕೇಳಿದ. ಇವರು ಚೀಲದಿಂದ ಹಲಗೆ ತೆಗೆದು ಟೇಬಲ್ಲಿನ ಮೇಲಿಟ್ಟರು. ಫ್ಯಾನಿನ ಗಾಳಿಗೆ ಅದು ಹಾರಿ ಅವನ ಊಟದ ಡಬ್ಬಿಯ ಮೇಲೆ ಕೂತಿತು. ಇನ್ನೊಂದು ಕಡೆ ಮುಟ್ಟಿಯೂ ನೋಡಲಿಲ್ಲ, "ಬೆಂಕಿ ಹತ್ಕೊಂಡ್ರೆ ಮಶೀನ್ ಯಾರ್ ಕೊಡ್ತಾರೆ ಅಜ್ಜಾ?" ಎಂದರು. ದೊಡ್ಡನೆಕ್ಕುಂದಿಯಲ್ಲಿ ಯಾರೋ ಇದ್ದಾರೆಂದು ಅಲ್ಲಿಗೂ ಹೋಗಿ ಬಂದರು. ಊರೆಲ್ಲ ಸುತ್ತಿ ಕಡೆಗೆ ಸಿಕ್ಕಿದ್ದು ಮನೆಯ ಹಿಂದಿನ ಗಲ್ಲಿಯಲ್ಲಿದ್ದ ಶಾಂತಿಯ ಶೆಡ್ಡು. ಅವಳ ಅಪ್ಪ ಸೊಣ್ಣಪ್ಪನ ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಈಗ ಮದುವೆ ಕಾರ್ಡು, ನೇಮ್ ಬೋರ್ಡು, ದೇವರ ಮಂಟಪ.

"ಇದನ್ನ ಕೊಯ್ತಿಯೇನವ್ವ?"

ಶಾಂತಿ ಹಲಗೆಯನ್ನು ಕೈಯಲ್ಲಿ ಹಿಡಿದು ನೋಡಿದಳು. "ಏನ್ ಸಾರ್ ಇದು, ಥರ್ಮಾಕೋಲಾ?"

"ಮರ ಅದು. ಮರಕ್ಕ ಮರ್ಯಾದಿ ಕೊಡು."

ಅವಳಿಗೆ ನಗು ಬಂತು, ಒಪ್ಪಿಕೊಂಡಳು. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ ಇಟ್ಟಿದ್ದ ಜೋರಿನಲ್ಲೇ ಲೇಸರ್ ಬಿಟ್ಟಳು. ಭಗ್ಗೆಂದು ಹತ್ತಿಕೊಂಡಿತು. ದ್ಯಾಮಣ್ಣನವರು ಹೆಗಲ ಮೇಲಿನ ಟವೆಲ್ಲಿನಿಂದ ಬಡಿದು ಆರಿಸಿ, ಕರಿಕಾದ ತುಂಡನ್ನು ಎತ್ತಿ ಹಿಡಿದರು. "ನಮ್ಮಾಕಿ ಮದುವ್ಯಾದ ಹೊಸದಾಗಿ ರೊಟ್ಟಿ ಹಿಂಗ ಸುಡ್ತಿದ್ಲು. ಈಗ ಭಾಳ ಛಲೋ ಮಾಡ್ತಾಳ. ನೀನೂ ಕಲೀತಿ, ಗಾಬರಿ ಆಗಬ್ಯಾಡ." ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದ ಶಾಂತಿಗೆ ಆ ಗಳಿಗೆಯಿಂದ ಅವರನ್ನು ಕಂಡರೆ ಅಕ್ಕರೆ.

ಜೋರು ಇಳಿಸಿ, ವೇಗ ಏರಿಸಿ, ತುಂಡು ತುಂಡಿನಲ್ಲಿ ಪ್ರಯತ್ನಿಸಿ, ಕಡೆಗೂ ಎಲುಬುಗಳು ಅಂಚಿನಲ್ಲಿ ಬರೀ ಕಂದು ಬಣ್ಣ ಹಿಡಿದು ಹೊರಬಂದವು. ಅವತ್ತಿನಿಂದ ಅವರು ಬಂದಾಗಲೆಲ್ಲ ಹೆಂಡತಿ ಮಾಡಿದ ಶೇಂಗಾ ಚಿಕ್ಕಿ ತರುತ್ತಿದ್ದರು. ಶಾಂತಿ ಅಷ್ಟು ಸಮನಾದ ಚಿಕ್ಕಿಯನ್ನು ಎಲ್ಲೂ ಕಂಡಿರಲಿಲ್ಲ. ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂರುತ್ತಿತ್ತು.

"ಸಾರ್, ಈ ಗ್ಲೈಡರ್ ಯಾರಿಗೆ? ಮೊಮ್ಮಕ್ಕಳಿಗಾ?" ಎಂದು ಒಮ್ಮೆ ಕೇಳಿದಳು.

"ಅಲ್ಲವ್ವಾ. ನಮ್ಮಾಕಿಗೆ." ಅವರು ಸುತ್ತಮುತ್ತ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು. "ಮದುವ್ಯಾಗಿ ಇಲ್ಲಿಗಿ ಬಂದಾಗ ಆಕಿ ನಗತಿದ್ದಿಲ್ಲ. ಊರ ನೆನಪ. ಮಂದೀ ಮಾತು ಒಂದೂ ತಿಳೀತಿದ್ದಿಲ್ಲ. ಕಂಪನಿಗೆ ಪರದೇಶದಿಂದ ಒಂದು ಮಶೀನ್ ಬಂತು, ಅದರ ಪೆಟ್ಟಿಗ್ಯಾಗ ಈ ಮರ ಇತ್ತು. ಒಂದು ಗ್ಲೈಡರ್ ಮಾಡಿದೆ. ಆಕಿನ್ನ ಕರಕೊಂಡು ತುಮಕೂರು ರೋಡಿನ ಬಾಜೂ ಬಯಲಿಗೆ ಹೋಗಿ ಬಿಟ್ಟೆ ನೋಡು. ಏನ್ ಹಾರಿತು ಅಂತಿ! ಹಾರಿ ಹಾರಿ ಹೋಗಿ ಹುಲ್ಲು ಹೇರಿದ ಲಾರಿ ಮ್ಯಾಲೆ ಕುಂತು ತುಮಕೂರಿಗೆ ಹೋಗೇಬಿಡ್ತು. ನಾ ಹಿಂದ ಓಡೀನಿ, ಧೋತರಾ ಬಿಚ್ಚಿ ಬಿದ್ದೀನಿ. ಆಕಿ ನೆಲದ ಮ್ಯಾಲೆ ಕುಂತು ಹೊಟ್ಟಿ ಹಿಡಕೊಂಡು ನಕ್ಕಳು. ಹಂಗ ನಕ್ಕಿದ್ದು ಅದೊಂದ ಸಲ. ಇನ್ನೊಮ್ಮಿ ನೋಡಬೇಕು ಅಂತ ಆಸೆ ನಂಗ."

ಜಗಳ ಬಂದದ್ದು ರೆಕ್ಕೆಯ ಪಟ್ಟಿಯಿಂದ. ರೆಕ್ಕೆಗೆ ಮುಂದೊಂದು ಉದ್ದ ಪಟ್ಟಿ, ಹಿಂದೊಂದು ಉದ್ದ ಪಟ್ಟಿ, ನಡುವೆ ಏಣಿಯ ಮೆಟ್ಟಿಲಿನಂತೆ ಎಲುಬುಗಳು. ಮುಂದಿನ ಪಟ್ಟಿಯನ್ನು ದ್ಯಾಮಣ್ಣನವರು ಕೈಯಲ್ಲೇ ಹತ್ತರಿ ಹೊಡೆದು ನುಣುಪು ಮಾಡಿ, ಎಲುಬು ಕೂರುವ ಜಾಗಕ್ಕೆಲ್ಲ ಗುರುತು ಹಾಕಿದ್ದರು. ಅದೇ ಅಳತೆ ಹೇಳಿ ಹಿಂದಿನ ಪಟ್ಟಿಯನ್ನು ಲೇಸರಿನಲ್ಲಿ ಕೊಯ್ಯಿಸಿದರು. ಮನೆಗೆ ಒಯ್ದು ಜೋಡಿಸಿದರೆ ಒಂದು ತುದಿ ಸರಿ, ಇನ್ನೊಂದು ತುದಿ ಬೆರಳಗಲ ಗಿಡ್ಡ. ಮತ್ತೆ ಕೊಯ್ಯಿಸಿದರು, ಮತ್ತೆ ಗಿಡ್ಡ. ಮೂರನೆಯ ಸಲವೂ ಅದೇ.

"ನಿನ್ನ ಮಶೀನು ಗಿಡ್ಡ ಕೊಯ್ತೈತಿ ಬಿಡು."

"ಸಾರ್, ಮಶೀನ್ ಸುಳ್ ಹೇಳಲ್ಲ. ನಿಮ್ ಸ್ಕೇಲ್ ಕೊಡಿ ಇಲ್ಲಿ, ಟೇಪ್ ಪಕ್ಕ ಇಟ್ಟು ನೋಡೇಬಿಡೋಣ."

ಅವರ ಮುಖ ಕೆಂಪಗಾಯಿತು. "ಏನಂದಿ? ನನ್ನ ಸ್ಕೇಲಿಗೆ ಪರೀಕ್ಷಾ ಇಡ್ತಿಯೇನು? ನಿನ್ನ ಮಶೀನು ಹುಟ್ಟೂಕಿಂತ ಮೊದಲು ಇದರ ಅಳತಿ ಮ್ಯಾಲೆ ಮಾಡಿದ ಪಂಪು ಎಷ್ಟು ಬಾವ್ಯಾಗ ನೀರು ಎತ್ಯಾವು ಗೊತ್ತೇನು ನಿಂಗ?" ಅಂದವರೇ ಸ್ಕೇಲನ್ನು ಕಂಕುಳಲ್ಲಿ ಇರುಕಿಕೊಂಡು, ತರಿಸಿದ್ದ ಚಹಾ ಕೂಡ ಮುಟ್ಟದೆ ಹೊರಟುಹೋದರು.

ಆಮೇಲೆ ಅವರು ಬರಲಿಲ್ಲ. ಚಿಕ್ಕಿಯೂ ಇಲ್ಲ, ಬೈಗುಳವೂ ಇಲ್ಲ. ಅಂಗಡಿ ಬಿಕೋ ಎನ್ನತೊಡಗಿತು. ಹಾಳಾಗಿ ಹೋಗಲಿ, ಹಿರಿಯರು ಗೆಲ್ಲಲಿ ಎಂದುಕೊಂಡು ಶಾಂತಿ ಪಟ್ಟಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಎಳೆದು, ಒಟ್ಟು ಬೆರಳಗಲ ಉದ್ದವಾಗುವ ಹಾಗೆ ಹಿಗ್ಗಿಸಿ ಕೊಯ್ದಿಟ್ಟಳು. ಪೊಟ್ಟಣದಲ್ಲಿದ್ದದ್ದು ಅದೇ.

*

ಅಂಗಡಿಗೆ ಬಂದವಳೇ ದಪ್ಪ ಹಲಗೆಗಳನ್ನೆಲ್ಲ ಎಳೆದು ಹಾಕಿದಳು. ಯಾವುದೋ ಮದುವೆಯ ವೇದಿಕೆಗೆ ತೆಗೆದಿಟ್ಟ ಮಾಲು.

"ಮದುವೆಯವ್ರಿಗೆ ಏನಾದ್ರೂ ಹೇಳ್ಕೊಂಡ್ರಾಯ್ತು," ಎಂದು ತನಗೆ ತಾನೇ ಹೇಳಿಕೊಂಡಳು. ಮಂಟಪದ ಚಿತ್ರ ಅವಳ ಕಂಪ್ಯೂಟರಿನಲ್ಲಿ ಇದ್ದೇ ಇತ್ತು, ಬಿಲ್ವದೆಲೆಯ ಕಮಾನಿನದು. ಅಂಗೈ ನೋಡಿಕೊಂಡು ಅಳತೆ ತುಂಬಿದಳು. ಮೊದಲು ರದ್ದಿ ಹಲಗೆಯಲ್ಲಿ ಒಂದು ತುಂಡು ಕೊಯ್ದು ನೋಡುವುದು ಅವಳ ಅಭ್ಯಾಸ. ಕುರ್ಚಿಯ ಅಗಲದ ಅಡ್ಡಪಟ್ಟಿಯೊಂದನ್ನು ಕೊಯ್ದಳು. ಸರಿಯಿದೆಯೇ ನೋಡಲು ಕೈಗೆ ಸಿಕ್ಕಿದ್ದು ಚೀಲದಲ್ಲಿದ್ದ ಅವರ ಸ್ಕೇಲು.

ಗಿಡ್ಡ.

ಮತ್ತೆ ಇಟ್ಟು ನೋಡಿದಳು. ಗಿಡ್ಡವೇ. ದ್ಯಾಮಣ್ಣನವರು ಪಕ್ಕದಲ್ಲೇ ನಿಂತು "ನಾ ಹೇಳಿದ್ದಿಲ್ಲೇನು?" ಎಂದ ಹಾಗಾಯಿತು. ಡ್ರಾಯರಿನಿಂದ ತನ್ನ ಟೇಪು ತೆಗೆದು ಹಿಡಿದಳು. ಟೇಪಿನ ಪ್ರಕಾರ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಆಮೇಲೆ ಅವರು ಬದುಕಿದ್ದಾಗ ಮಾಡಗೊಡದ ಕೆಲಸ ಮಾಡಿದಳು. ಸ್ಕೇಲನ್ನೂ ಟೇಪನ್ನೂ ಪಕ್ಕಪಕ್ಕ ಇಟ್ಟು, ಒಂದು ತುದಿ ಹೊಂದಿಸಿ, ಗೆರೆಯಿಂದ ಗೆರೆಗೆ ಕಣ್ಣು ಓಡಿಸಿದಳು. ಹೋಗುತ್ತ ಹೋಗುತ್ತ ಗೆರೆಗಳು ಒಂದನ್ನೊಂದು ಬಿಟ್ಟವು. ಕೊನೆಯಲ್ಲಿ ಸ್ಕೇಲಿನ ಎರಡಡಿಯ ಗೆರೆ ಟೇಪಿನದಕ್ಕಿಂತ ಹೆಬ್ಬೆರಳಗಲ ಮುಂದಿತ್ತು.

"ಅಯ್ಯೋ ಸಾರ್!" ಖಾಲಿ ಅಂಗಡಿಯಲ್ಲಿ ಶಾಂತಿ ಕೂಗಿಯೇಬಿಟ್ಟಳು. "ನಿಮ್ ಸ್ಕೇಲೇ ಉದ್ದ ಕಣ್ರೀ! ಇಷ್ಟು ದಿನ ನನ್ನ ಜೀವ ತಿಂದ್ರಲ್ಲ!"

ಗೆದ್ದೆ ಎಂದು ಯಾರಿಗೆ ಹೇಳುವುದು? ಓಡಿಹೋಗಿ ಅವರ ಮುಂದೆ ಎರಡನ್ನೂ ಹಿಡಿದು, ಅವರ ಮುಖ ನೋಡಿ, "ಈಗೇನಂತೀರಿ?" ಎನ್ನಬೇಕಿತ್ತು. ಮೂಗು ಒರೆಸಿಕೊಂಡಳು. ಅಳುತ್ತ ಕೂರುವ ಹೊತ್ತಲ್ಲ. ಅಂಗೈ ಮೇಲಿನ ಅಳತೆಯಂತೆಯೇ ಹಲಗೆಗಳನ್ನೆಲ್ಲ ಕೊಯ್ದಿದ್ದರೆ ಮಂಟಪ ಕುರ್ಚಿಯ ಕೈಗಳನ್ನು ದಾಟುತ್ತಲೇ ಇರಲಿಲ್ಲ. ಆಗ ಆ ಚಟ್ಟವೇ ಗತಿ. ಚಿತ್ರವನ್ನೆಲ್ಲ ಆಯ್ದು, ಸ್ಕೇಲು ಎಷ್ಟು ಉದ್ದವೋ ಅಷ್ಟೇ ಪಾಲು ಹಿಗ್ಗಿಸಿ, ಎರಡು ಸಲ ನೋಡಿ, ಯಂತ್ರ ಶುರು ಮಾಡಿದಳು.

*

ಟೆಂಪೋದಲ್ಲಿ ಹಲಗೆಗಳು ಬಂದಾಗ ಅಪಾರ್ಟ್‌ಮೆಂಟಿನ ಕೆಳಗೆ ಜನ ಕಾದಿದ್ದರು. ಮೇಲೆ ಒಯ್ದು ಶಾಂತಿ ಕುರ್ಚಿಯ ಸುತ್ತ ಕಂಬ ನಿಲ್ಲಿಸಿದಳು. ಅಡ್ಡಪಟ್ಟಿ ಕುರ್ಚಿಯ ಒಂದು ಕೈಯನ್ನು ದಾಟಿತು, ಇನ್ನೊಂದನ್ನೂ ದಾಟಿ ಕಂಬದ ಸೀಳಿನಲ್ಲಿ ಟಕ್ ಎಂದು ಕೂತಿತು. ಶಾಂತಿ ಉಸಿರು ಬಿಟ್ಟಳು. ಬಿಲ್ವದೆಲೆಯ ಕಮಾನು ದ್ಯಾಮಣ್ಣನವರ ತಲೆಯ ಮೇಲೆ ಬಂತು. ಮಹಾನಂದಾ ಚೆಂಡುಹೂವಿನ ಸರಗಳನ್ನು ಕಂಬಕ್ಕೆ ಸುತ್ತಿದಳು. ಶರಣಮ್ಮ ಎದ್ದು ಬಂದು, ಒಂದು ಸುತ್ತು ಹಾಕಿ ನೋಡಿ, ಶಾಂತಿಯ ತಲೆಯ ಮೇಲೆ ಕೈಯಿಟ್ಟರು.

ಕುರ್ಚಿಯ ಕೆಳಗೆ ಬಿದಿರು ಕಟ್ಟುತ್ತಿದ್ದವರು ಹನುಮಯ್ಯ, ದ್ಯಾಮಣ್ಣನವರ ಜೊತೆ ಅದೇ ಕಂಪನಿಯಲ್ಲಿ ಎರಕ ಹೊಯ್ಯುತ್ತಿದ್ದ ಮುದುಕರು. ಶಾಂತಿ ಸ್ಕೇಲನ್ನು ಚೀಲದಿಂದ ತೆಗೆದು ಮೇಜಿನ ಮೇಲಿಡುವುದನ್ನು ಕಂಡು ಕೈ ಚಾಚಿದರು.

"ಇದ್ರಾಗ ಅಳದ್ಯೇನವ್ವಾ?"

"ಅಳದೆ ತಾತ. ಉದ್ದ ಐತೆ ಅಂತ ಆಮೇಲೆ ಗೊತ್ತಾಯ್ತು. ಯಾಕ್ ಹಿಂಗೆ?"

"ಯಾಕಂದ್ರೆ ಇದು ಅಚ್ಚು ಮಾಡೋರ ಸ್ಕೇಲು. ಕರಗಿದ್ ಉಕ್ಕು ಆರ್ದಂಗೆಲ್ಲ ಕುಗ್ತದೆ. ಅದುಕ್ಕೆ ಮರದ್ ಅಚ್ಚು ಒಸಿ ದೊಡ್ಡದಾಗೇ ಇರ್ಬೇಕು. ಪ್ರತಿ ಸಲ ಲೆಕ್ಕ ಆಕ್ಕೊಂಡು ಯಾವನ್ ಕುಂತಾನು? ಅಂಗಾಗಿ ಸ್ಕೇಲೇ ಉದ್ದ ಮಾಡ್ಬುಟ್ಟವ್ರೆ." ಹನುಮಯ್ಯ ತುದಿಯಲ್ಲಿದ್ದ ಸವೆದ ಮುದ್ರೆಯ ಮೇಲೆ ಬೆರಳಾಡಿಸಿದರು. "ಇವುನ್ ತಾವ ಎಲ್ಡು ಇದ್ವು. ಇದೊಂದು, ಮಾಮೂಲಿದೊಂದು. ನೋಡಾಕೆ ಎಲ್ಡೂ ಒಂದೇ ತರ. ಕಣ್ಣು ಮಬ್ಬಾದ್ಮೇಲೆ ಮುದ್ರೆ ಎಲ್ಲಿ ಕಂಡಾತು? ಕೈಗೆ ಸಿಕ್ಕಿದ್ದು ಇಡ್ಕಂಡವ್ನೆ."

ಲಿಫ್ಟಿನಲ್ಲಿ ಮಂಟಪ ಹಿಡಿಸಲಿಲ್ಲ. ಹಿಡಿಸಿದ್ದರೂ ಶರಣಮ್ಮ ಬಿಡುತ್ತಿರಲಿಲ್ಲವೇನೋ. ಮೆಟ್ಟಿಲಿನಲ್ಲಿ, ಬೆಳಿಗ್ಗೆ ಚಟ್ಟ ಇಳಿಸಿದ್ದ ಆ ಇಬ್ಬರೂ ಹೆಗಲು ಕೊಟ್ಟರು. ತಿರುವಿನಲ್ಲೆಲ್ಲ "ನಿಧಾನ, ಕಮಾನು!" ಎಂದು ವಿನಾಯಕ್ ಮುಂದೆ ಮುಂದೆ ಹೋದ. ಬಾಗಿಲು ಬಾಗಿಲಲ್ಲಿ ನಿಂತವರು ಕೈ ಮುಗಿದರು. ಸ್ಕೇಲು ಹಿಡಿದು ಓಡಾಡುತ್ತಿದ್ದವರನ್ನು ಹೂವಿನ ನಡುವೆ ನೆಟ್ಟಗೆ ಕೂತು ಇಳಿಯುವಾಗ ನೋಡಿ, ಎರಡನೇ ಮಹಡಿಯ ಹೆಂಗಸೊಬ್ಬಳು "ಅಂಕಲ್ ಮದುಮಗ ಇದ್ದಂಗಿದ್ದಾರೆ" ಎಂದಳು. ಅಂದಮೇಲೆ ಅನ್ನಬಾರದಿತ್ತೇನೋ ಎಂದು ಬಾಯಿ ಮುಚ್ಚಿಕೊಂಡಳು. ಶರಣಮ್ಮ ತಿರುಗಿ, "ಹೌದವ್ವ, ಆವತ್ತೂ ಹಿಂಗ ಬಿಗಿದುಕೊಂಡು ಕುಂತಿದ್ರು," ಎಂದರು.

ರುದ್ರಭೂಮಿಯಲ್ಲಿ ಹೊತ್ತು ಇಳಿಯುವ ಮುಂಚೆ ಎಲ್ಲವೂ ಆಯಿತು. ಅಯ್ಯನವರು ಮಂತ್ರ ಹೇಳಿದರು, ಕೂತವರನ್ನು ಕೂತ ಹಾಗೆಯೇ ಇಳಿಸಿದರು. ವಿಭೂತಿ, ಪತ್ರೆ, ಹಿಡಿ ಹಿಡಿ ಮಣ್ಣು. ಮಂಟಪವನ್ನು ಮಣ್ಣಿನ ದಿಬ್ಬದ ಮೇಲೆಯೇ ನಿಲ್ಲಿಸಿ ಬಂದರು. ಕುರ್ಚಿ ಟೆಂಪೋದಲ್ಲಿ ವಾಪಸ್ ಬಂತು.

*

ಶಾಂತಿ ಕೆಳಗಿನಿಂದಲೇ ಮನೆಗೆ ಹೋಗುವವಳಿದ್ದಳು. ಸಾವಿನ ಮನೆಯಿಂದ ಬಂದು ಸ್ನಾನ ಮಾಡದೆ ಯಾರ ಹೊಸ್ತಿಲೂ ದಾಟಬಾರದೆಂದು ಅವಳಮ್ಮನ ಕಟ್ಟಪ್ಪಣೆ. ಶರಣಮ್ಮ ಮೇಲಿನಿಂದ ಹೇಳಿ ಕಳಿಸಿದರು: "ನಮ್ಮೊಳಗ ಸೂತಕಾ ಇಲ್ಲಂತ ಹೇಳು. ಕೈಕಾಲ ತೊಕ್ಕೊಂಡು ಮ್ಯಾಲೆ ಬಂದು ಚಹಾ ಕುಡದು ಹೋಗಬೇಕಂತ. ಆವತ್ತ ಅವರು ಮುಟ್ಟದ ಬಂದ ಚಹಾ ಬಾಕಿ ಐತಿ."

ಹಾಲಿನಲ್ಲಿ ಈಗ ಜನ ಕಡಿಮೆ. ಕುರ್ಚಿ ಮತ್ತೆ ಬಾಲ್ಕನಿ ಬಾಗಿಲ ಪಕ್ಕಕ್ಕೆ ಬಂದು ಕೂತಿತ್ತು, ಖಾಲಿ. ಮಹಾನಂದಾ ಒಳಗೆ ಮಲಗಿದ್ದಳು. ಶಾಂತಿ ಮೇಜಿನ ಬಳಿ ಹೋಗಿ ತನ್ನ ಪೊಟ್ಟಣ ಬಿಚ್ಚಿದಳು. ದ್ಯಾಮಣ್ಣನವರ ಕೈಯ ಮುಂದಿನ ಪಟ್ಟಿ ಅಲ್ಲೇ ಇತ್ತು, ಪೆನ್ಸಿಲ್ಲಿನ ಗುರುತುಗಳ ಸಮೇತ. ತನ್ನ ಪಟ್ಟಿಯನ್ನು ಅದರ ಪಕ್ಕಕ್ಕೆ ಇಟ್ಟಳು. ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಸೀಳೂ ಒಂದೊಂದು ಗುರುತಿನ ಎದುರಿಗೇ ನಿಂತಿತು.

"ಕುಂತೈತಲ್ಲವ್ವ!" ಚಹಾ ಹಿಡಿದು ಬಂದ ಶರಣಮ್ಮ ಬೆರಗಾದರು. "ಮೂರು ಸಲ ಗಿಡ್ಡ ಆಗಿತ್ತಲ್ಲ. ಮಶೀನ್ ರಿಪೇರಿ ಮಾಡಿಸಿದ್ಯೇನು?"

"ಮಶೀನ್ ಸರಿಯಾಗೇ ಇತ್ತಮ್ಮ. ಸಾರ್ ಸ್ಕೇಲೇ ಉದ್ದ." ಶಾಂತಿ ಹನುಮಯ್ಯ ಹೇಳಿದ್ದನ್ನೆಲ್ಲ ಹೇಳಿದಳು. ಲೋಹ ಕುಗ್ಗುವುದು, ಸ್ಕೇಲು ಹಿಗ್ಗಿಸಿರುವುದು, ಅದರಲ್ಲಿ ಅಳೆದು ಹೊರಗಿನವರಿಗೆ ಹೇಳಿದರೆ ಎಲ್ಲವೂ ಗಿಡ್ಡವಾಗಿ ಬರುವುದು.

ಶರಣಮ್ಮ ಮೆಲ್ಲಗೆ ತಿರುಗಿ ಬಾಲ್ಕನಿಯ ಪರದೆ ನೋಡಿದರು. ಅದರ ಕೆಳಗಿನ ಎರಡು ಬೆರಳಿನ ಸಂದಿ ನೋಡಿದರು.

"ಹಂಗಾದ್ರ ಈ ಪರದಿ..."

"ಅದನ್ನೂ ಇದರಲ್ಲೇ ಅಳದಿದ್ರಾ?"

"ಇದರಾಗ! ಅಯ್ಯ ಶಿವನ, ಆ ಟೇಲರಗ ನಾ ಎಷ್ಟು ಬೈದು ಬಂದೀನಿ! ಅರಿವಿ ಕಳವು ಮಾಡಿದಿ ಅಂತ ಅವನ ಅಂಗಡಿ ಮುಂದ ನಿಂತು ಬೈದೀನಿ!" ಕೈ ಬಾಯಿಗೆ ಹೋಯಿತು. "ಏನಂದ್ರು ಹನುಮಯ್ಯ? ಎರಡು ಇದ್ದವು ಅಂದ್ರೇನು? ಮಾಮೂಲಿದೊಂದು?"

"ಹೂಂ. ಅದೇ ಇದ್ದಿದ್ರೆ ಜಗಳಾನೇ ಇರ್ತಿರ್ಲಿಲ್ಲ. ಎಲ್ಲಿ ಕಳ್ಕೊಂಡ್ರೋ."

ಶರಣಮ್ಮ ಲೋಟ ಕೆಳಗಿಟ್ಟು ಅಡುಗೆಮನೆಗೆ ಹೋದರು. ಡಬ್ಬಿಗಳು ಸದ್ದು ಮಾಡಿದವು. ಬಂದಾಗ ಕೈಯಲ್ಲಿ ಇನ್ನೊಂದು ಉಕ್ಕಿನ ಪಟ್ಟಿ ಇತ್ತು. ನೋಡಲು ಅದೇ ಉದ್ದ, ಅದೇ ಅಗಲ. ಅಂಚಿಗೆ ಬೆಲ್ಲದ ಪಾಕ ಒಣಗಿ ಅಂಟಿತ್ತು.

"ಇದರಲೇ ನಾ ಚಿಕ್ಕಿ ಕೊಯ್ತೀನಿ," ಎಂದರು. "ಕೊಯ್ಯಾಕ ಹರಿತ ಐತಿ ಅಂತ ಅವರ ಮೇಜಿನ ಮ್ಯಾಲಿಂದ ನಾನ ತಗೊಂಡಿದ್ದೆ. ಕೊಡಲೇ ಇಲ್ಲ."

ಶಾಂತಿಯ ಕಣ್ಣ ಮುಂದೆ ಆ ಚಿಕ್ಕಿಗಳೆಲ್ಲ ಬಂದವು, ಅಂಚಿಗೆ ಅಂಚು ಕೂರುತ್ತಿದ್ದವು. ಅವಳಿಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು ಹೆದರಿ ತಲೆಯೆತ್ತಿದರೆ ಶರಣಮ್ಮನವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡಳು. ಅಳುವಲ್ಲ. ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ಜಮಖಾನದ ಮೇಲೆ ಕುಸಿದು ಕೂತು, ಸದ್ದೇ ಹೊರಡದ ಹಾಗೆ ನಗುತ್ತಿದ್ದರು. ಆಮೇಲೆ ಸದ್ದೂ ಹೊರಟಿತು. ಒಳಗಿನಿಂದ ಮಹಾನಂದಾ ಗಾಬರಿಯಿಂದ ಓಡಿ ಬಂದು "ಅವ್ವಾ! ಅವ್ವಾ, ಏನಾತು?" ಎಂದಳು.

"ನಿಮ್ಮಪ್ಪ..." ಎಂದರು ಶರಣಮ್ಮ, ಮುಂದೆ ಹೇಳಲಾಗದೆ ಕೈಯಲ್ಲಿದ್ದ ಪಟ್ಟಿಯನ್ನೇ ತೋರಿಸಿದರು. "ಊರ ಮಂದೀ ಜೋಡಿ ಜಗಳಾಡಿ... ಲಾರಿ ಮ್ಯಾಲೆ ಹೋತಲ್ಲ, ಆವತ್ತೂ ಹಿಂಗ..."

ಇದನ್ನು ನೋಡಬೇಕೆಂದೇ ಆ ಮನುಷ್ಯ ಪೀಣ್ಯದ ಗಲ್ಲಿ ಗಲ್ಲಿ ಅಲೆದದ್ದು. ಶಾಂತಿ ಖಾಲಿ ಕುರ್ಚಿಯ ಕಡೆ ನೋಡಿದಳು. ಹೊತ್ತು ಹೋದಂತೆ ಶರಣಮ್ಮನವರ ನಗು ಬಿಕ್ಕಾಯಿತು, ಬೆಳಿಗ್ಗೆಯಿಂದ ಕಟ್ಟಿಟ್ಟಿದ್ದ ಅಳುವೆಲ್ಲ ಹೊರಗೆ ಬಂತು. ಮಗಳು ಅವರನ್ನು ತಬ್ಬಿಕೊಂಡು ಕೂತಳು. ಚಹಾ ಆರಿಹೋಯಿತು.

ಸಮಾಧಾನವಾದ ಮೇಲೆ ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮೇಜಿನ ಮೇಲಿಂದ ಗಂಡನ ಸ್ಕೇಲು ಎತ್ತಿಕೊಂಡರು. ಅದನ್ನು ಜಮಖಾನದ ಮೇಲಿಟ್ಟು, ಪಕ್ಕಕ್ಕೆ ತಮ್ಮ ಬೆಲ್ಲ ಮೆತ್ತಿದ ಪಟ್ಟಿಯನ್ನಿಟ್ಟು, ಈಚಿನ ತುದಿಗಳನ್ನು ಸರಿಯಾಗಿ ಜೋಡಿಸಿದರು. ಪರದೆಯ ಕೆಳಗಿನಿಂದ ಸಂಜೆಯ ಬಿಸಿಲು ಎರಡರ ಮೇಲೂ ಬಿದ್ದಿತ್ತು. ಆಚೆಯ ತುದಿಯಲ್ಲಿ ಅವರ ಪಟ್ಟಿ ನಿಂತ ಮೇಲೂ ಅವರ ಗಂಡನದು ಇನ್ನೂ ಸ್ವಲ್ಪ ಮುಂದೆ ಹೋಗಿತ್ತು. ಹೆಚ್ಚಾಗಿ ಉಳಿದ ಅಷ್ಟು ಜಾಗದ ಮೇಲೆ ಶರಣಮ್ಮ ತಮ್ಮ ಹೆಬ್ಬೆರಳು ಇಟ್ಟರು. ಸರಿಯಾಗಿ ಅಷ್ಟೇ ಅಗಲವಿತ್ತು. ಇಟ್ಟ ಬೆರಳನ್ನು ತೆಗೆಯದೆ ಹಾಗೆಯೇ ಕೂತಿದ್ದರು.